ಕೋಕಂ ಅಜ್ಜಿಯ ದ್ವೀಪ

ಮೊನ್ನೆ ಹಳೆಯ ಕೈಚೀಲವೊಂದನ್ನು ಝಾಡಿಸುವಾಗ ಅದರ ಮೂಲೆಯಿಂದ ಒಂದು ನಿಂಬೆಹಣ್ಣು ಉದುರಿತು. ಹಣ್ಣು ಅನ್ನಲಿಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ. ಗೋಲಿಯಷ್ಟು ಗಾತ್ರ, ಕರಿ ಬಣ್ಣ, ಫರಸಿಯ ಮೇಲೆ ಬಿದ್ದಾಗ ಟಣ್ ಅಂತ ಸಪ್ಪಳ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ, "ಏನದು?" ಅಂದರು.

"ನನ್ನ ಹೊಟ್ಟಿ ಇತಿಹಾಸ" ಅಂದೆ.

ನನಗೆ ಬಸ್ಸು ಆಗುವುದಿಲ್ಲ. ಹುಟ್ಟಿದಾಗಿನಿಂದಲೂ ಆಗುವುದಿಲ್ಲ. ಬೈಲಹೊಂಗಲದ ನಮ್ಮ ತವರಿನಲ್ಲಿ ಎಲ್ಲಿಗೆ ಹೊರಟರೂ ಅವ್ವ ಬುತ್ತಿಗಿಂತ ಮೊದಲು ನನ್ನ ಸಾಮಾನು ಕಟ್ಟುತ್ತಿದ್ದಳು: ಒಂದು ನಿಂಬೆಹಣ್ಣು, ಒಂದು ತುಂಡು ಶುಂಠಿ, ಎರಡು ಹಳೆಯ ಪೇಪರು. ಪೇಪರು ಓದಲಿಕ್ಕಲ್ಲ. ಅದರ ಮೇಲೆ ಕೂತರೆ ವಾಂತಿ ಬರುವುದಿಲ್ಲ ಅಂತ ಯಾರೋ ಹೇಳಿದ್ದರು. ದೇಶದ ಎಷ್ಟೋ ದೊಡ್ಡ ಸುದ್ದಿಗಳ ಮೇಲೆ ನಾನು ಕೂತು ಪ್ರಯಾಣ ಮಾಡಿದ್ದೇನೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಏಳನೇ ಇಯತ್ತೆಯಲ್ಲಿ ನಮ್ಮ ಸಾಲಿಯ ಟ್ರಿಪ್ಪು ಗೋವಾಕ್ಕೆ ಹೊರಟಾಗ ಹೆಡ್ ಮಾಸ್ತರರು ನನ್ನನ್ನು ಬಾಜೂಕ್ಕೆ ಕರೆದು, "ತಂಗೀ, ನೀ ಬಂದ್ರ ಉಳದ ಹುಡುಗೂರು ಸಮುದ್ರ ನೋಡೂದಿಲ್ಲ, ನಿನ್ನ ನೋಡ್ತಾರ" ಅಂದು ಮನೆಗೆ ಕಳಿಸಿದ್ದರು.

ಇಂಥವಳಿಗೆ ಗಂಟು ಬಿದ್ದವರು ಖಾನಾಪುರದ ಸರಕಾರಿ ಬಸ್ ಡ್ರೈವರು. ದಿಬ್ಬಣದ ಬಸ್ಸಿನಲ್ಲಿ ಬಾಸಿಂಗ ಕಟ್ಟಿಕೊಂಡು ಕೂತ ನಾನು ಎಂ.ಕೆ. ಹುಬ್ಬಳ್ಳಿ ದಾಟುವುದರೊಳಗೆ ನನ್ನ ಗುಣ ತೋರಿಸಿದೆ. ಹೊಸ ಗಂಡ ಆಗ ನೋಡಿದ ನೋಟ ಇನ್ನೂ ನೆನಪಿದೆ. ಪ್ರೀತಿ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಡಿಪೋಕ್ಕೆ ಹೋದ ಮೇಲೆ ಇದನ್ನು ಯಾರು ತೊಳೆಯಬೇಕು ಅನ್ನುವ ಲೆಕ್ಕಾಚಾರ ಇತ್ತು.

ಮುಂದೆ ನಾನು ಅಲ್ಲೇ ಊರಿನ ಸಾಲಿಯಲ್ಲಿ ಶಿಕ್ಷಕಿಯಾದೆ. ಮನೆಯಿಂದ ಸಾಲಿಗೆ ನಡೆದರೆ ಹತ್ತು ನಿಮಿಷ. ಅವರು ದಿನಾ ಲೋಂಡಾಕ್ಕೆ, ಬೆಳಗಾವಿಗೆ ಬಸ್ಸು ಹೊಡೆದರು. ನಾನು ಮೂವತ್ತು ವರ್ಷ ಆ ಹತ್ತು ನಿಮಿಷದ ದಾರಿ ನಡೆದೆ. ಮತ್ತು ಕಲಿಸಿದ್ದೇನು ಅಂತೀರಿ? ಭೂಗೋಳ! ಹಿಮಾಲಯ, ಸಹರಾ ಮರುಭೂಮಿ, ಕೊಲ್ಲಿ, ಜಲಸಂಧಿ, ಜ್ವಾಲಾಮುಖಿ. ಎಲ್ಲವನ್ನೂ ನಕಾಶೆಯ ಮೇಲೆ ಬಡಿಗೆ ಇಟ್ಟು ಧೈರ್ಯದಿಂದ ತೋರಿಸಿದೆ. ನಕಾಶೆ ನೋಡಿದರೆ ವಾಂತಿ ಬರುವುದಿಲ್ಲ.

ತೊಂದರೆ ಆದದ್ದು ದ್ವೀಪದ ಪಾಠದ ದಿನ. ನೌಕರಿಯ ಮೊದಮೊದಲ ವರ್ಷಗಳು. "ಸುತ್ತಲೂ ನೀರಿನಿಂದ ಆವರಿಸಿದ ಭೂಭಾಗಕ್ಕೆ ದ್ವೀಪ ಎನ್ನುವರು" ಅಂತ ಬೋರ್ಡಿನ ಮೇಲೆ ಬರೆದು ತಿರುಗಿದೆ. ಎರಡನೇ ಸಾಲಿನಲ್ಲಿ ಶಬಾನಾ ಎದ್ದು ನಿಂತಿದ್ದಳು. ಎರಡು ಜಡೆ, ಕಣ್ಣು ಮಾತ್ರ ದೊಡ್ಡವು, ಕೇಳಿದ ಪ್ರಶ್ನೆಗೆ ಉತ್ತರ ಸಿಗುವ ತನಕ ಕೆಳಗೆ ಕೂಡ್ರದ ಹುಡುಗಿ.

"ಅಕ್ಕೋರ, ನೀವು ನೋಡೀರೇನ್ರಿ ದ್ವೀಪ?"

ಇಲ್ಲ ಅನ್ನಬಹುದಿತ್ತು. ನಲವತ್ತು ಜೋಡಿ ಕಣ್ಣು ನನ್ನ ಮೇಲಿದ್ದವು. "ನೋಡೀನಲ್ಲ!" ಅಂದುಬಿಟ್ಟೆ.

"ಎಲ್ಲಿರಿ?"

"ಗೋವಾದ ಕಡೆ."

ಆಮೇಲೆ ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ. ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿ ನೋಡಿದ ಕೆಂಪು ದೋಣಿ ಬಂತು. ದ್ವೀಪದ ನಡುವೆ ಒಂದು ಗುಡ್ಡ ಎದ್ದಿತು. ಗುಡ್ಡ ಹತ್ತಿದರೆ ನಾಲ್ಕೂ ದಿಕ್ಕಿಗೆ ನೀರು ಕಂಡಿತು. ಇಳಿದು ಬರುವಾಗ ಒಬ್ಬ ಅಜ್ಜಿ ಅಂಗಳಕ್ಕೆ ಕರೆದು, "ದಣದೀಯವ್ವ, ಕುಡಿ" ಅಂತ ಒಂದು ಗ್ಲಾಸು ಕೋಕಂ ಪಾನಕ ಕೊಟ್ಟಳು. ಹುಡುಗರು ಬಾಯಿ ತೆರೆದು ಕೇಳಿದರು. ಅವತ್ತಿನಿಂದ ಪ್ರತಿ ವರ್ಷ ಆ ಪಾಠಕ್ಕೆ ಆ ಕತೆ ಹೇಳಿದೆ. ಸುಳ್ಳಿಗೂ ವಯಸ್ಸಾಗುತ್ತದೆ, ಬೆಳೆಯುತ್ತದೆ. ಕೆಲವು ವರ್ಷಗಳಲ್ಲಿ ಅದಕ್ಕೆ ಬೆಳ್ಳಕ್ಕಿಗಳು ಸೇರಿದವು. ನಿವೃತ್ತಿಯ ಹೊತ್ತಿಗೆ ಒಂದು ಮೊಸಳೆಯೂ ಬಂದಿತ್ತು.

ಹೋದ ವರ್ಷ ಚಳಿಗಾಲದ ಒಂದು ಮಧ್ಯಾಹ್ನ ಬಾಗಿಲು ಬಡಿದ ಸಪ್ಪಳ. ತೆರೆದರೆ ಜೀನ್ಸ್ ಪ್ಯಾಂಟು, ಮೇಲೆ ಉದ್ದ ಕುರ್ತಾ, ಕೊರಳಲ್ಲಿ ಸೀಟಿ ಹಾಕಿಕೊಂಡ ಹೆಣ್ಣುಮಗಳು. ಕಣ್ಣು ನೋಡಿ ಗುರುತು ಹಿಡಿದೆ. ಶಬಾನಾ ಮದುವೆಯಾಗಿ ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿದ್ದಳು. ಆರು ವರ್ಷದಿಂದ ಜನರನ್ನು ಗುಂಪು ಕಟ್ಟಿ ಗೋವಾದ ಮಾಂಡವಿ ಹೊಳೆಯೊಳಗಿನ ದ್ವೀಪಗಳಿಗೆ ಕರೆದೊಯ್ಯುತ್ತಿದ್ದಳಂತೆ. ಅರ್ಧ ದಾರಿ ಬಸ್ಸು, ಅರ್ಧ ದಾರಿ ದೋಣಿ, ನಡುವೆ ಕಾಲ್ನಡಿಗೆ. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ವಾಪಸು.

"ಪ್ರತಿ ಸಲ ಬಸ್ ಬಿಟ್ಟಕೂಡಲೆ ನಿಮ್ಮ ಕತಿನ ಹೇಳ್ತೀನ್ರಿ ಅಕ್ಕೋರ" ಅಂದಳು. "ನಮ್ಮ ಅಕ್ಕೋರು ಒಂದ್ ದ್ವೀಪ ನೋಡಿ ಬಂದಿದ್ರು, ಅದನ್ನ ಕೇಳಿ ನಾ ಈ ಕೆಲಸಕ್ಕ ಬಿದ್ದೆ ಅಂತ. ಜನಾ ಅಂತಾರ, ಆ ಅಕ್ಕೋರನ್ನ ಒಮ್ಮಿ ಕರಕೊಂಡು ಬರ್ರಿ ಅಂತ. ಶನಿವಾರ ಬರ್ತೀರಲ್ಲ?"

ಒಳಗಿನಿಂದ ನಮ್ಮ ಮನೆಯವರು, "ಬರ್ತಾಳ, ಬರ್ತಾಳ. ನಾನೂ ಬರ್ತೀನಿ" ಅಂದರು. ಅವರಿಗೆ ಎಲ್ಲಾ ಗೊತ್ತಿತ್ತು. ಸುಳ್ಳಿನ ಕತೆಯನ್ನು ನಾನೇ ನಕ್ಕು ಹೇಳಿದ್ದೆ. ಆ ದಿನ ನಗು ಬರಲಿಲ್ಲ.

ಶನಿವಾರ ನಸುಕಿನಲ್ಲಿ ಜಾಂಬೋಟಿಯಲ್ಲಿ ಬಸ್ಸು ಹತ್ತಿದೆವು. ಬೆಳಗಾವಿಯಿಂದ ಬಂದ ಇಪ್ಪತ್ತು ಜನ, ಹೆಚ್ಚಿನವರು ಹೆಂಗಸರು. ನನ್ನ ಬಾಜೂಕ್ಕೆ ರವಿವಾರ ಪೇಟೆಯ ಮಾಲತಿ ಕಾಕೂ. ಅವರದು ಮೆಣಸಿನಕಾಯಿಯ ಸಗಟು ಅಂಗಡಿ. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ, ತೊಡೆಯ ಮೇಲೆ ನಾಲ್ಕು ಡಬ್ಬಿ. ಶಬಾನಾ ಮೈಕು ಹಿಡಿದು, "ಇವರ ನೋಡ್ರಿ ನಮ್ಮ ಅಕ್ಕೋರು!" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆ ಕೆಂಪು ದೋಣಿಯಿಂದ ಸುರು ಮಾಡಿ ಕೋಕಂ ಅಜ್ಜಿಯ ತನಕ ಒಂದಕ್ಷರ ಬಿಡದೆ ಹೇಳಿದಳು. ನನ್ನ ಸುಳ್ಳು ನನಗಿಂತ ಆಕೆಯ ಬಾಯಲ್ಲಿ ಚೆಂದ ಇತ್ತು.

ಚೋರ್ಲಾ ಘಾಟಿನಲ್ಲಿ ಎರಡು ಸಲ ಬಸ್ಸು ನಿಲ್ಲಿಸಬೇಕಾಯಿತು. ಕಾರಣ ಹೇಳಬೇಕಿಲ್ಲ. ಮಾಲತಿ ಕಾಕೂ ನನ್ನ ಬೆನ್ನು ಸವರುತ್ತಾ, "ಅಗಬಾಯಿ! ಇಷ್ಟ ತ್ರಾಸ ಇದ್ರೂ ಆಗಿನ ಕಾಲಕ್ಕ ಹ್ಯಾಂಗ ಬಂದಿದ್ರಿ ಬಾಯೀ?" ಅಂದರು. ನಾನು ರಸ್ತೆಯ ಬದಿಯ ಹುಲ್ಲು ನೋಡುತ್ತಾ ನಿಂತೆ. ಮುಂದಿನ ಸೀಟಿನಲ್ಲಿ ಕೂತಿದ್ದ ನಮ್ಮ ಮನೆಯವರದು ಬೇರೆಯದೇ ತ್ರಾಸು. ನಿವೃತ್ತರಾಗಿ ಐದು ವರ್ಷವಾದರೂ ಪ್ರತಿ ತಿರುವಿಗೆ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಘಾಟು ಇಳಿಯುವುದರೊಳಗೆ ಅವರಿಗೆ ಕಾಲು ನೋವು, ನನಗೆ ಹೊಟ್ಟೆ ನೋವು.

ಡಿಚೋಲಿ ದಾಟಿ ಹೊಳೆಯ ದಂಡೆಗೆ ಬಂದೆವು. ಅಲ್ಲಿ ಫೆರಿ ಅಂತಾರಲ್ಲ, ಬಸ್ಸು, ಸ್ಕೂಟರು, ಮೀನಿನ ಬುಟ್ಟಿ, ಜನ ಎಲ್ಲವನ್ನೂ ಹೊತ್ತು ದಾಟಿಸುವ ಚಪ್ಪಟೆ ಹಡಗು, ಅದು ನಿಂತಿತ್ತು. ಐದೇ ನಿಮಿಷದಲ್ಲಿ ಆಚೆ ದಂಡೆ. "ಇಳೀರಿ ಅಕ್ಕೋರ, ದಿವಾಡಿ ದ್ವೀಪ" ಅಂದಳು ಶಬಾನಾ.

ನಾನು ಇಳಿದು ಸುತ್ತ ನೋಡಿದೆ. ಗದ್ದೆ, ತೆಂಗಿನ ಮರ, ಡಾಂಬರು ರಸ್ತೆ, ಒಂದು ಸಾಲಿ, ಸೈಕಲ್ಲಿನ ಮೇಲೆ ಪಾವು ಬ್ರೆಡ್ಡು ಮಾರುವವನು. ಸುತ್ತಲೂ ನೀರು ಎಲ್ಲಿ? ನಡೆದಷ್ಟೂ ನೆಲವೇ ಇತ್ತು. ಮೂವತ್ತು ವರ್ಷ ಬೋರ್ಡಿನ ಮೇಲೆ ಒಂದು ಚಿಕ್ಕ ಗುಂಡು ಬಿಡಿಸಿ ಸುತ್ತ ನೀಲಿ ಸೀಮೆಸುಣ್ಣ ತಿಕ್ಕಿದವಳು ನಾನು. ದ್ವೀಪದೊಳಗೆ ನಿಂತವರಿಗೆ ಅದು ದ್ವೀಪ ಅಂತ ಕಾಣುವುದೇ ಇಲ್ಲ ಅನ್ನುವುದು ಯಾವ ಪುಸ್ತಕದಲ್ಲೂ ಇರಲಿಲ್ಲ.

ನಡು ದ್ವೀಪದಲ್ಲಿ ಗುಡ್ಡ ಮಾತ್ರ ಖರೇ ಇತ್ತು. ಮೇಲೆ ಒಂದು ಬಿಳಿ ಚರ್ಚು. ನಿಧಾನ ಹತ್ತಿದೆವು. ಮೇಲೆ ಹೋಗಿ ತಿರುಗಿದಾಗ ಮಾಂಡವಿ ಹೊಳೆ ಬಿಸಿಲಿಗೆ ಹರವಿದ ತಗಡಿನ ಹಾಗೆ ಹೊಳೆಯುತ್ತಿತ್ತು. ಮೂರು ದಿಕ್ಕಿಗೆ ನೀರು. ನಾಲ್ಕನೆಯದಕ್ಕೆ ತೆಂಗಿನ ಮರ ಅಡ್ಡ. ಅಷ್ಟರಲ್ಲಿ ಶಬಾನಾ ಕೈಮೈಕು ತಂದು ನನ್ನ ಕೈಗಿಟ್ಟಳು.

"ಹೇಳ್ರಿ ಅಕ್ಕೋರ. ಅವತ್ತ ಇಲ್ಲಿ ನಿಂತಾಗ ನಿಮಗ ಏನನಸ್ತು?"

ಇಪ್ಪತ್ತು ಜನ ಸುತ್ತ ನಿಂತರು. ನಮ್ಮ ಮನೆಯವರು ತಮ್ಮ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಇನ್ನೊಂದು ಸುಳ್ಳು ಹೇಳುವುದು ಕಷ್ಟವಿರಲಿಲ್ಲ, ಅಭ್ಯಾಸ ಇತ್ತು. ಆದರೆ ಎದುರಿಗೆ ಅಷ್ಟು ದೊಡ್ಡ ಖರೇ ನೀರು ಹರಿಯುವಾಗ ಆಗಲಿಲ್ಲ.

"ನಾನು ಇಲ್ಲಿಗೆ ಬಂದೇ ಇರಲಿಲ್ಲ" ಅಂದೆ. ಮೈಕಿನಿಂದ ನನ್ನ ದನಿ ಗುಡ್ಡದ ತುಂಬ ಕೇಳಿಸಿತು. "ಇಲ್ಲಿಗೂ ಇಲ್ಲ, ಎಲ್ಲಿಗೂ ಇಲ್ಲ. ಬಸ್ಸಿಗೆ ಹೆದರಿ ಊರು ಬಿಟ್ಟು ಹೋಗಿಲ್ಲ. ನಾನು ನೋಡುತ್ತಿರೋ ಮೊದಲನೇ ದ್ವೀಪ ಇದು. ಶಬಾನಾ, ನಿನಗ ಸುಳ್ಳ ಹೇಳಿದ್ದೆ."

ಶಬಾನಾ ನನ್ನ ಕೈಯಿಂದ ಮೈಕು ತೆಗೆದುಕೊಂಡಳು. ಮುಖದಲ್ಲಿ ಏನೂ ಇರಲಿಲ್ಲ. ಸೀಟಿ ಊದಿ, "ನಡೀರಿ, ಊಟಕ್ಕ ಹೋಗೂಣು" ಅಂದಳು, ಮತ್ತು ಎಲ್ಲರಿಗಿಂತ ಮುಂದೆ, ಹಿಂದೆ ನೋಡದೆ ಗುಡ್ಡ ಇಳಿದಳು.

ಆ ಇಳಿಜಾರು ನನಗೆ ಚೋರ್ಲಾ ಘಾಟಿಗಿಂತ ಉದ್ದ ಆಯಿತು. ಹಳೆಯ ಪೋರ್ಚುಗೀಸ್ ಮನೆಗಳು ಬಂದವು, ಆಕೆ ಎಲ್ಲರಿಗೂ ತೋರಿಸಿದಳು. ಬಾವಿ ಬಂತು, ಗುಡಿ ಬಂತು, ಅದರ ಕತೆ ಹೇಳಿದಳು. ನನ್ನ ಕಡೆ ಮಾತ್ರ ತಿರುಗಲಿಲ್ಲ. ಪ್ರತಿ ಮನೆಯ ಮುಂದೆಯೂ ಯಾರೋ ಒಬ್ಬರು ಆಕೆಗೆ ಕೈ ಬೀಸುತ್ತಿದ್ದರು, "ಶಬಾನಾ, ಆಯ್ಲೀಂಗೊ?" ಅಂತ, ಬಂದೆಯಾ ಅನ್ನುವುದನ್ನು ಕೊಂಕಣಿಯಲ್ಲಿ ಕೇಳುತ್ತಿದ್ದರು. ಮಾಲತಿ ಕಾಕೂ ನನ್ನ ಕೈ ಹಿಡಿದು ನಡೆದರು. "ಖರೇ ಹೇಳಿದ್ದು ಛಲೋ ಆತು ಬಾಯೀ" ಅಂದರು. ನಾಲ್ಕು ಹೆಜ್ಜೆ ನಡೆದು, "ಆದ್ರ ಆ ಅಜ್ಜಿ ನನಗ ಭಾಳ ಸೇರಿದ್ಲು" ಅಂದರು.

ಕೆಂಪು ಹೆಂಚಿನ ಒಂದು ಮನೆಯ ಅಂಗಳಕ್ಕೆ ಬಂದೆವು. ಮರದ ಕೆಳಗೆ ಉದ್ದ ಬೆಂಚು ಹಾಕಿ, ಬಾಳೆ ಎಲೆ ಹರವಿದ್ದರು. ಬಾಗಿಲಲ್ಲಿ ಹೂವಿನ ಫ್ರಾಕು ತೊಟ್ಟ, ಬೆಳ್ಳಗಿನ ಕೂದಲಿನ ಹೆಂಗಸು. ಲೀನಾಬಾಯಿ ಅಂತ ಹೆಸರು. ಶಬಾನಾ ಅವರ ಪಕ್ಕಕ್ಕೆ ನಿಂತು, ಬಂದವರಿಗೆ ಪರಿಚಯ ಹೇಳಲಿಕ್ಕೆ ಬಾಯಿ ತೆರೆದಳು. ಪರಿಚಯ ಅಲ್ಲಿಗೇ ಬಿಟ್ಟಳು. ನನ್ನ ಕಡೆ ನೋಡಿದಳು.

"ಅಕ್ಕೋರ, ಕೆಂಪು ದೋಣಿ?"

"ಕ್ಯಾಲೆಂಡರಿಂದು."

"ಆ ಗುಡ್ಡ?"

"ಬಾಯಿಗೆ ಬಂದದ್ದು."

"ಆ ಕೋಕಂ ಅಜ್ಜಿ?"

"ಅಕೀನೂ ಇರಲಿಲ್ಲವ್ವಾ."

ಶಬಾನಾ ಅಂಗಳದ ಕಟ್ಟೆಯ ಮೇಲೆ ಕುಸಿದು ಕೂತಳು. ಹೆಗಲು ಅಲುಗಿದವು. ಅಳುತ್ತಾಳೆ ಅಂದುಕೊಂಡು ಹತ್ತಿರ ಹೋದೆ. ಆಕೆ ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು, ಉಸಿರು ಸಿಗದಷ್ಟು ನಗುತ್ತಿದ್ದಳು.

"ಆ ಅಜ್ಜೀನ್ನ ನಾ ಎಷ್ಟ ಹುಡಕೀನಿ ಅಂತೀರಿ ಅಕ್ಕೋರ!" ಅಂದಳು. "ನಡುವ ಗುಡ್ಡ, ಸುತ್ತ ಹೊಳಿ, ಗೋವಾದ ಕಡೆ. ನೀವು ಹೇಳಿದ್ದಕ್ಕ ಕೂಡಿ ಬರೂದು ಇದೊಂದ ದ್ವೀಪ. ಮೊದಲನೇ ಸಲ ಒಬ್ಬಾಕಿನ ಬಂದಾಗ ಮನಿ ಮನಿ ಬಾಗಿಲಾ ಬಡದೇನ್ರಿ. ಖಾನಾಪುರದ ಒಬ್ಬ ಟೀಚರಿಗೆ ಕೋಕಂ ಕೊಟ್ಟ ಅಜ್ಜಿ ಇಲ್ಲಿ ಅದಾಳೇನು ಅಂತ. ಎಲ್ಲಾರೂ ನಕ್ಕರು. ಆದ್ರ ಒಳಗ ಕರದ್ರು, ನೀರ ಕೊಟ್ರು, ಕುಂದರ್ಸಿ ಮಾತಾಡಿದ್ರು. ಈಗ ನಾವು ನಡದ ಬಂದ ದಾರಿ ಐತಲ್ರೀ, ಅದು ಯಾವ ನಕಾಶಾದಾಗೂ ಇಲ್ಲ. ನಾ ಅವತ್ತ ಅಜ್ಜೀನ್ನ ಹುಡಕಾಡಿದ ದಾರಿನ ಅದು!"

ಲೀನಾಬಾಯಿಗೆ ಆಕೆ ಕೊಂಕಣಿಯಲ್ಲಿ ಏನೋ ಹೇಳಿ ನನ್ನ ಕಡೆ ಬೆರಳು ಮಾಡಿದಳು. ಖಾನಾಪುರದಲ್ಲಿ ಬಾಳಿದವರಿಗೆ ಮರಾಠಿ ಬಂದೇ ಬರುತ್ತದೆ, ಅದರ ಆಸರೆಯಿಂದ ನನಗೂ ಅರ್ಧ ತಿಳಿಯಿತು. ಹುಡುಕುತ್ತಾ ಬಂದ ಶಬಾನಾಳನ್ನು ಕೊನೆಗೆ ಈ ಅಂಗಳಕ್ಕೆ ಕರೆದು, "ಆ ಅಜ್ಜಿ ಸಿಗುವ ತನಕ ಕೋಕಂ ನಾನೇ ಕೊಡ್ತೀನಿ ಬಾ" ಅಂದವರು ಇವರಂತೆ. ಅಂದಿನಿಂದ ಬಂದ ಗುಂಪಿಗೆಲ್ಲ ಇಲ್ಲೇ ಊಟ.

ಲೀನಾಬಾಯಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಒಳಗೆ ಹೋದರು. ಕೋಕಂ ತುಂಬಿದ ಸ್ಟೀಲಿನ ಗ್ಲಾಸು ತಂದು ನನ್ನ ಮುಂದೆ ಹಿಡಿದರು.

"ಇಷ್ಟು ತಡ ಮಾಡಿ ಬರೋದಾ?" ಅಂದರು.

"ನಾನು ಸುಳ್ಳು ಹೇಳಿದ್ದೆ" ಅಂದೆ, ನನಗೆ ಬಂದ ಮರಾಠಿಯಲ್ಲಿ.

"ಗ್ಲಾಸು ಖರೇ ಇದೆಯಲ್ಲ? ಕುಡಿ."

ನಾನು ನಿಂತಲ್ಲೇ ಕುಡಿದೆ. ಹುಳಿ, ಸಿಹಿ, ಮೇಲೆ ಚೂರು ಜೀರಿಗೆ. ಮುಂಜಾನೆಯಿಂದ ಹೊಟ್ಟೆಯಲ್ಲಿ ನಿಂತ ಮೊದಲ ಪದಾರ್ಥ ಅದು. ನಮ್ಮ ಮನೆಯವರು ಎರಡು ಗ್ಲಾಸು ಕುಡಿದು, "ನಿನ್ನ ಸುಳ್ಳಿಗೆ ಉಪ್ಪು ಸ್ವಲ್ಪ ಕಡಿಮಿ ಆಗೇದ" ಅಂದರು. ಶಬಾನಾ ಮತ್ತೆ ನಕ್ಕಳು. ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದು ಹಾಗೇ ಕೂತಳು, ಊಟ ಬಡಿಸುವ ತನಕ ಬಿಡಲಿಲ್ಲ.

ಊಟವಾದ ಮೇಲೆ ದೋಣಿ. ದಂಡೆಯಲ್ಲಿ ಮೋಟಾರು ದೋಣಿ ಕಾಯುತ್ತಿತ್ತು; ನೀಲಿ ಬಣ್ಣದ್ದು. ಶಬಾನಾ ದೋಣಿಯವರಿಗೆ, "ಇವತ್ತ ದಿನದ ಹಾಂಗ ಬರೇ ಕಾಲುವಿ ತೋರಿಸಿದ್ರ ಸಾಕಾಗೂದಿಲ್ಲ. ದ್ವೀಪದ ಸುತ್ತ ಪೂರಾ ಒಂದ್ ಸುತ್ತ ಹೊಡೀರಿ. ನಮ್ಮ ಅಕ್ಕೋರಿಗೆ ನಾಲ್ಕನೇ ದಿಕ್ಕ ತೋರಸೂದದ" ಅಂದಳು. ದೋಣಿಯಲ್ಲೂ ವಾಂತಿ ಬರಬಹುದು ಅಂತ ನಾನು ಅಂಚಿನಲ್ಲೇ ಕೂತೆ. ಬರಲಿಲ್ಲ. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಕಾಂಡ್ಲಾ ಗಿಡಗಳ ಬೇರು ನೀರಿನ ಮೇಲೆ ಕಾಲೂರಿ ನಿಂತಿದ್ದವು, ಅವುಗಳ ತಲೆಯ ಮೇಲೆ ಬೆಳ್ಳಕ್ಕಿಯ ಸಾಲು. ಕಾಲುವೆಯ ಒಂದು ತಿರುವಿನಲ್ಲಿ ದೋಣಿಯವರು ಮೋಟಾರು ನಿಲ್ಲಿಸಿ ಕೈ ತೋರಿಸಿದರು. ಕೆಸರಿನ ದಿಬ್ಬದ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುತ್ತಾ ಮಲಗಿತ್ತು, ಎರಡಾಳುದ್ದದ ಮೊಸಳೆ.

ನಾನು ಎದ್ದು ನಿಂತುಬಿಟ್ಟೆ. "ಮೊಸಳಿ! ಇದನ್ನ ನಾನ ಹುಟ್ಟಿಸಿದ್ದು!" ಅಂತ ಕೂಗಿದೆ. ಇಡೀ ದೋಣಿ ನಕ್ಕಿತು. ಮೊಸಳೆ ಬೇಜಾರಾಗಿ ನೀರಿಗೆ ಜಾರಿತು.

ಎದ್ದವಳು ಮತ್ತೆ ಕೂಡಲಿಲ್ಲ. ಶಬಾನಾಳ ಕೈಯಿಂದ ಮೈಕು ನಾನೇ ಇಸಿದುಕೊಂಡೆ. ಈ ಸಲ ಹೇಳಲಿಕ್ಕೆ ನನ್ನ ಹತ್ತಿರ ಖರೇ ಸುದ್ದಿ ಇತ್ತು. "ಈ ಹೊಳಿಗೆ ಇಲ್ಲಿ ಮಾಂಡವಿ ಅಂತಾರ. ನಮ್ಮಲ್ಲಿ ಮಹದಾಯಿ. ಇಕಿ ಹುಟ್ಟಿದ್ದು ನಮ್ಮ ಖಾನಾಪುರ ತಾಲೂಕಿನ ಅಡವಿಯೊಳಗ. ಅದೇ ತಾಲೂಕಿನ ಕಣಕುಂಬಿಯಾಗ ಮಲಪ್ರಭಾ ಹುಟ್ತಾಳ. ಅಕಿ ಪೂರ್ವಕ್ಕ ಹೋದ್ಲು, ಇಕಿ ಪಶ್ಚಿಮಕ್ಕ ಇಳದ್ಲು. ಮುಂಜಾನೆ ನಾವು ಬಸ್ಸಿನಾಗ ಇಳದ ಘಾಟನ್ನ ಇಕಿ ಎಂದೋ ಹಾರಿ ಇಳದಾಳ."

"ಅಂದ್ರ ಇಕೀ ತವರಮನಿ ನಮ್ಮ ಕಡೀದು!" ಅಂದರು ಮಾಲತಿ ಕಾಕೂ. ತಕ್ಷಣ ಬಾಗಿ ನೀರಿಗೆ ಕೈ ಹಾಕಿದರು, ತವರಿನ ಹುಡುಗಿಯ ಗಲ್ಲ ಮುಟ್ಟಿ ಮಾತಾಡಿಸುವ ಹಾಗೆ. ಒಬ್ಬೊಬ್ಬರಾಗಿ ಎಲ್ಲಾ ಹೆಂಗಸರೂ ಬಾಗಿ ನೀರು ಮುಟ್ಟಿದರು. ಕಾಕೂ ಬೆರಳನ್ನು ನಾಲಿಗೆಗೆ ತಾಗಿಸಿ ಮುಖ ಕಿವುಚಿದರು. "ಅಯ್ಯ, ಉಪ್ಪ ಐತಿ!"

"ಗಂಡನ ಮನಿ ಉಪ್ಪ ತಿಂದಾಳ, ಇರೂದ" ಅಂದೆ.

ಹಾಗೆ ಮಾತಾಡುತ್ತಲೇ ಇದ್ದೆ. ಬಲಗಡೆ ಚೋಡಣ ದ್ವೀಪ ದಾಟಿತು. ಎಡಗಡೆ ದಿವಾಡಿಯ ದಂಡೆ ಬಾಗುತ್ತಾ, ಬಾಗುತ್ತಾ ಬಂತು. ಬಿಟ್ಟ ದಂಡೆಯನ್ನೇ ದೋಣಿ ಇನ್ನೊಂದು ಕಡೆಯಿಂದ ಬಂದು ಮುಟ್ಟಿತು. ಸುತ್ತಲೂ ನೀರು. ನಾಲ್ಕೂ ದಿಕ್ಕಿಗೆ. ಕಣ್ಣಾರೆ ಕಂಡದ್ದು. ಯಾರು ಸುರು ಮಾಡಿದರೋ ಗೊತ್ತಿಲ್ಲ, ಇಡೀ ದೋಣಿ ಚಪ್ಪಾಳೆ ತಟ್ಟಿತು. ನಮ್ಮ ಮನೆಯವರು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು.

ವಾಪಸು ಬರುವಾಗ ನನ್ನನ್ನು ಡ್ರೈವರರ ಪಕ್ಕದ ಗೈಡ್ ಸೀಟಿಗೆ ಕೂಡಿಸಿದರು. ಘಾಟು ಹತ್ತುವಾಗ ಮೂರು ಜನ ವಾಂತಿ ಮಾಡಿಕೊಂಡರು. ಅದರಲ್ಲಿ ನಾನಿರಲಿಲ್ಲ. ನಾನು ಮೈಕು ಹಿಡಿದು ಸಹ್ಯಾದ್ರಿ ಹೇಗೆ ಎದ್ದಿತು, ಮಳೆ ಯಾಕೆ ಇಲ್ಲಿಗೆ ಬಂದು ಸುರಿಯುತ್ತದೆ ಅಂತ ಹೇಳುವುದರಲ್ಲಿದ್ದೆ. ಸುರ್ಲಾ ತಿರುವು ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ಅರವತ್ತು ವರ್ಷ ನಾನು ಸುಮ್ಮನೆ ಕೂತು ಪ್ರಯಾಣ ಮಾಡಿದ್ದೇ ತಪ್ಪಾಗಿತ್ತು ಅಂತ ಕಾಣುತ್ತದೆ.

ಹೊತ್ತು ಮುಳುಗುವಾಗ ಬಸ್ಸು ಜಾಂಬೋಟಿಯಲ್ಲಿ ನಿಂತಿತು. ಎದುರಿಗೆ ಖಾನಾಪುರದ ಬಸ್ಸು ಹೊರಡಲಿಕ್ಕೆ ಸಿದ್ಧವಾಗಿತ್ತು. ನಮ್ಮ ಮನೆಯವರು ಚೀಲ ಹೆಗಲಿಗೇರಿಸಿ ಇಳಿದು, ನನ್ನ ಕೈ ಹಿಡಿಯಲಿಕ್ಕೆ ಬಾಗಿಲ ಕೆಳಗೆ ನಿಂತರು. ನಾನು ಶಬಾನಾಳ ಕಡೆ ತಿರುಗಿದೆ.

"ನಾಳೆ ರವಿವಾರ. ನಿನ್ನ ಇನ್ನೊಂದ್ ಗುಂಪು ಹೊಂಡತೈತಿ ಅಂದಿದ್ದಿಯಲ್ಲ?"

"ಹೌದ್ರಿ ಅಕ್ಕೋರ. ಮುಂಜಾನೆ ಐದೂವರಿಗೆ, ಕ್ಯಾಂಪಿನಿಂದ."

"ಈ ಸೀಟು ಖಾಲಿ ಐತೇನು?"

ಶಬಾನಾ ಕೊರಳಿನ ಸೀಟಿ ತೆಗೆದು ನನ್ನ ಕೊರಳಿಗೆ ಹಾಕಿದಳು. "ನಮ್ಮ ಮನ್ಯಾಗ ಮಲ್ಕೋರಿ, ನಮ್ಮ ಅಮ್ಮಾ ನಮ್ಮ ಕೂಡನ ಅದಾಳ, ಫೋನ್ ಮಾಡಿ ಹೇಳ್ತೀನಿ, ನಿಮಗ ಕಾಯಿಪಲ್ಯಾ ಬ್ಯಾರೆ ಮಾಡ್ತಾಳ" ಅಂದಳು. ಹಿಂದಿನ ಸೀಟಿನಿಂದ ಮಾಲತಿ ಕಾಕೂ, "ಡಬ್ಬಿ ನಂದೂ ಅದಾವು, ಹಸದ ಮಲಗೂದು ಬ್ಯಾಡ" ಅಂದರು.

ಕೆಳಗೆ ನಮ್ಮ ಮನೆಯವರು ಚಾಚಿದ ಕೈ ಹಾಗೇ ಹಿಡಿದು ನಿಂತಿದ್ದರು. "ಇಳೀತೀಯೋ ಇಲ್ಲೋ?"

"ಇಲ್ಲ" ಅಂದೆ. "ಹಾಲು ಕಾಸಿ ಹೆಪ್ಪ ಹಾಕ್ರಿ. ಕೀಲಿ ಚೀಲದ ಮುಂದಿನ ಖಿಸೇದಾಗ ಅದ."

ಅವರ ಬಾಯಿ ತೆರೆದದ್ದು ಮುಚ್ಚುವುದರೊಳಗೆ ನಾನು ಸೀಟಿ ಊದಿದೆ. ಬಸ್ಸು ಬೆಳಗಾವಿಯ ಕಡೆ ಹೊರಳಿತು.